ಪಕ್ಕದ ಮನೆಯ ನೀರು

ನಮ್ಮ ಬೀದಿಯಲ್ಲಿ ಮನೆ ನೋಡಲು ಯಾರೇ ಬರಲಿ, ಕೊನೆಗೆ ನಮ್ಮತ್ತೆಯ ಮುಂದೆ ಬಂದು ನಿಲ್ಲಲೇಬೇಕು. ಮೂಲೆಯ ಅಂಗಡಿಯವನು ಅವರನ್ನು ನೇರವಾಗಿ ಇಲ್ಲಿಗೇ ಕಳಿಸುತ್ತಾನೆ. ತಕ್ಕಡಿಯಮ್ಮನನ್ನು ಕೇಳಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ ಅನ್ನುತ್ತಾನೆ. ಅತ್ತೆ ತಮ್ಮ ಅರ್ಧ ಆಯುಷ್ಯ ಕಾಳುಕಡಿಯ ಅಂಗಡಿ ನಡೆಸಿದವರು. ಯಾರಿಗೂ ಒಂದು ಹಿಡಿ ಕಡಿಮೆ ತೂಗಿದವರಲ್ಲ. ಹಾಗಂತ ಒಂದು ಹಿಡಿ ಹೆಚ್ಚು ಹಾಕಿದವರೂ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. ಬೆಳಗಿನ ಬಿಸಿಲು ಯಾವ ಕೋಣೆಗೆ ಬೀಳುತ್ತದೆ, ಚರಂಡಿ ಎಲ್ಲಿ ಕಟ್ಟಿಕೊಳ್ಳುತ್ತದೆ, ಬಸ್ಸಿಗೆ ಎಷ್ಟು ದೂರ ನಡೆಯಬೇಕು, ಮಹಡಿ ಮನೆಯವನು ಕುಡಿದು ಬಂದಾಗ ಯಾರನ್ನು ಬಯ್ಯುತ್ತಾನೆ, ಎಲ್ಲ ಹೇಳುತ್ತಾರೆ. ಆಮೇಲೆ ನೀರಿನ ಮಾತು ಬರುತ್ತದೆ. ಅಲ್ಲಿಗೆ ವ್ಯಾಪಾರ ಕೆಟ್ಟಿತು.

ತಮಾಷೆ ಏನೆಂದರೆ, ಆ ವ್ಯಾಪಾರ ಕುದುರಿಸಲು ಚಪ್ಪಲಿ ಸವೆಸುವ ಮನೆ ಬ್ರೋಕರ್ ಬೇರೆ ಯಾರೂ ಅಲ್ಲ, ಅತ್ತೆ ಹೆತ್ತ ಮಗ, ನನ್ನ ಗಂಡ. ಪಕ್ಕದ ಮನೆ ಖಾಲಿ ಬಿದ್ದಿತ್ತು. ಅದರ ಯಜಮಾನರು ಮಗಳ ಮನೆ ಸೇರಿಕೊಂಡು, ಹೇಗಾದರೂ ಮಾರಿಕೊಡಿ ಎಂದು ಬೀಗದಕೈ ನಮಗೆ ಕೊಟ್ಟಿದ್ದರು. ನನ್ನ ಗಂಡ ಕರೆತಂದ ಗಿರಾಕಿಗಳೆಲ್ಲ ನಗುನಗುತ್ತ ಆ ಮನೆಯಿಂದ ಹೊರಬಂದು, ನಮ್ಮ ಬಾಗಿಲಲ್ಲಿ ಎರಡು ಮಾತಾಡಿ, ಆಲೋಚನೆ ಮಾಡಿ ಹೇಳುತ್ತೇವೆ ಎಂದು ಹೋದವರು ಮತ್ತೆ ಮುಖ ತೋರಿಸಲಿಲ್ಲ.

ನೀರಿನ ಕಥೆ ಇಷ್ಟು. ಬೀದಿಯ ಹಿಂದೆ ಒಂದು ಕಾಲಕ್ಕೆ ನೂಲಿಗೆ ಬಣ್ಣ ಹಾಕುವ ಶೆಡ್ ಇತ್ತು. ಈಗ ಅದರ ಗೋಡೆ ಬಿದ್ದು ಹುಲ್ಲು ಬೆಳೆದು, ನೋಡಿದವರ ಕಣ್ಣಿಗೆ ಒಳ್ಳೆಯ ಬಯಲು. ಶೆಡ್ಡಿನವರು ಹೋದರು, ಅವರು ನೆಲಕ್ಕೆ ಬಿಟ್ಟದ್ದು ಹೋಗಲಿಲ್ಲ. ನಮ್ಮ ಬೋರಿನ ನೀರು ನಲ್ಲಿಯಿಂದ ಬೀಳುವಾಗ ತಿಳಿಯಾಗಿಯೇ ಇರುತ್ತದೆ. ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಹಳದಿಗೆ ತಿರುಗುತ್ತದೆ. ಅದರಲ್ಲಿ ಬೇಳೆ ಬೇಯುವುದಿಲ್ಲ, ಹಾಲು ಹಾಕಿದರೆ ಒಡೆಯುತ್ತದೆ, ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ನಗರಸಭೆಯವರು ಪೈಪು ಹೂತು ಹೋಗಿದ್ದಾರೆ, ಅದರಲ್ಲಿ ಇಲ್ಲಿಯವರೆಗೆ ಬಂದದ್ದು ಗಾಳಿ ಮಾತ್ರ. ಕುಡಿಯಲು, ಬೇಯಿಸಲು ಕ್ಯಾನ್ ನೀರು ತರಿಸುತ್ತೇವೆ. ಸ್ನಾನಕ್ಕೂ ಕ್ಯಾನ್ ತರಿಸಲು ನಾವೇನು ಅರಮನೆಯವರಲ್ಲ.

ಆ ಸ್ನಾನದ ನೀರು ಹಿಡಿದದ್ದು ನನ್ನ ಮಗಳನ್ನು. ಪುಟ್ಟಿಗೆ ಈಗ ಹನ್ನೆರಡು. ಮೊಣಕೈಯಿಂದ ಕೆಳಗೆ ಮೊದಲು ಕಡಿತ, ಆಮೇಲೆ ಗುಳ್ಳೆ, ಆಮೇಲೆ ಅದು ಒಡೆದು ಹಸಿಗಾಯ. ಡಾಕ್ಟರು ಮುಲಾಮು ಬರೆದುಕೊಟ್ಟು, ಮೊದಲು ಈ ನೀರು ಬಿಡಿಸಿ, ಮುಲಾಮಿನ ಮಾತು ಆಮೇಲೆ ಎಂದರು. ಸೆಕೆಯಲ್ಲೂ ಹುಡುಗಿ ತುಂಬುತೋಳಿನ ಅಂಗಿ ಹಾಕಿಕೊಂಡೇ ಓಡಾಡುತ್ತಿದ್ದಳು. ಶಾಲೆಯಲ್ಲಿ ಅವಳ ಬೆಂಚಿನಿಂದ ಜೊತೆಯವಳು ಎದ್ದು ಬೇರೆ ಕಡೆ ಕೂತಿದ್ದಳಂತೆ. ಪುಟ್ಟಿ ಮನೆಯಲ್ಲಿ ಅದರ ಸೊಲ್ಲೆತ್ತಲಿಲ್ಲ. ಟೀಚರ್ ರಸ್ತೆಯಲ್ಲಿ ಸಿಕ್ಕಾಗ ಹೇಳಿದರು. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕಣ್ಣಿಗೆ ರಸ್ತೆ ಸರಿಯಾಗಿ ಕಾಣಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಶುರುವಾಯಿತು. ಬೆಳಿಗ್ಗೆ ತಾನೇ ಒಬ್ಬ ಗಿರಾಕಿ ಕೈತಪ್ಪಿದ್ದ. ನನ್ನ ಗಂಡ ಅನ್ನ ಕಲಸುತ್ತ ಕಲಸುತ್ತ ನಿಲ್ಲಿಸಿದರು.

"ಅಮ್ಮ, ಪಕ್ಕದ ಮನೆ ಹೋದ್ರೆ ಈ ಬೀದಿಗೊಂದು ರೇಟು ಅಂತ ಬರುತ್ತೆ. ಆಮೇಲೆ ನಮ್ಮದನ್ನೂ ಕೊಟ್ಟು ಮೇಲಿನ ಬಡಾವಣೆಗೆ ಹೋಗಬಹುದು. ನೀನು ಅದಕ್ಕೇ ಕಲ್ಲು ಹಾಕ್ತಿದ್ದೀಯ."

"ಅವ್ರು ಕೇಳಿದ್ರು, ನಾನು ಹೇಳ್ದೆ."

"ಕೇಳಿದ್ದಕ್ಕೆಲ್ಲ ಹೇಳ್ಬೇಕು ಅಂತ ಎಲ್ಲಿ ಬರೆದಿದೆ?"

"ಬಂದೋರು ಏನು ಕುಡೀತಾರೋ?"

"ಕ್ಯಾನ್ ತರಿಸ್ಕೋತಾರೆ. ನಾವು ಬದುಕಿಲ್ವಾ?"

ಅತ್ತೆ ಪುಟ್ಟಿಯ ತೋಳಿನ ಕಡೆ ನೋಡಿ, ಹೂಂ, ಬದುಕಿದ್ದೀವಿ ಎಂದರು. ನನಗೆ ಮೈ ಉರಿಯಿತು. ಬೀದಿಯಲ್ಲಿ ಹೋಗುವವರ ಮೇಲಿರುವ ಮರುಕ ಮನೆಯ ಮಗುವಿನ ಮೇಲೆ ಬೇಡವೆ?

"ಅತ್ತೆ, ನಿಮ್ಮ ತಕ್ಕಡೀಲಿ ಊರೋರನ್ನೆಲ್ಲ ತೂಗಿದ್ದಾಯ್ತು," ಎಂದೆ. "ಒಂದ್ಸಲ ಇವಳನ್ನೂ ಇಟ್ಟು ನೋಡಿ."

ಅತ್ತೆ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ ಕೆಲವು ದಿನ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ಎಲ್ಲರದೂ ಆದ ಮೇಲೆ ಅಡಿಗೆಮನೆಯಲ್ಲಿ ಒಬ್ಬರೇ ಕೂತು ಉಂಡು, ತಮ್ಮ ತಟ್ಟೆ ತಾವೇ ತೊಳೆದಿಟ್ಟು ಹೋಗುತ್ತಿದ್ದರು. ನಾನೂ ಕರೆಯಲಿಲ್ಲ. ನನ್ನ ಗಂಡ ಎರಡು ಬಾಗಿಲ ನಡುವೆ ಸಿಕ್ಕಿಕೊಂಡವರಂತೆ ಓಡಾಡಿದರು. ಕೊನೆಗೊಂದು ಬೆಳಿಗ್ಗೆ ಟೀ ಲೋಟ ಕೈಗೆ ಕೊಡುವಾಗ ಅತ್ತೆಯೇ ಬಾಯಿಬಿಟ್ಟರು. ನಾನು ಸುಳ್ಳು ಹೇಳುವವಳಲ್ಲ, ಬೇಕಾದರೆ ಬಾಯಿ ಮುಚ್ಚಿಕೊಂಡಿರುತ್ತೇನೆ, ಅಷ್ಟೇ ನನ್ನ ಕೈಲಾಗುವುದು ಎಂದರು. ನನ್ನ ಗಂಡನಿಗೆ ಲಾಟರಿ ಹೊಡೆದಷ್ಟು ಖುಷಿಯಾಯಿತು.

ಮುಂದಿನ ವಾರವೇ ಗಂಡಹೆಂಡತಿ ಇಬ್ಬರು ಬಂದರು. ಲಾಂಡ್ರಿಯವರು. ಲಾಡ್ಜುಗಳ, ಹೋಟೆಲುಗಳ ಚಾದರ, ದಿಂಬಿನ ಚೀಲ ತಂದು ಒಗೆದು ಇಸ್ತ್ರಿ ಮಾಡಿ ಕೊಡುವ ಕೆಲಸ. ಅವನು ಗೂಡ್ಸ್ ಆಟೋದಲ್ಲಿ ಬಟ್ಟೆ ಸಾಗಿಸುವವನು, ಮಾತು ಕಡಿಮೆ. ಮಾತೆಲ್ಲ ಅವಳದೇ. ಇದ್ದ ಬಾಡಿಗೆ ಜಾಗ ಬಿಡಬೇಕಾಗಿತ್ತು, ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಸುರಿದು ಒಂದು ಸ್ವಂತದ ಮನೆ ಮಾಡಿಕೊಳ್ಳಬೇಕು ಎಂದು ಹೊರಟಿದ್ದರು. ಹೆಂಗಸು ಮನೆ ನೋಡಿದ ರೀತಿಯೇ ಬೇರೆ. ಪಡಸಾಲೆ, ಕೋಣೆ ಯಾವುದನ್ನೂ ಸರಿಯಾಗಿ ನೋಡದೆ ಸೀದಾ ಹಿತ್ತಲಿಗೆ ಹೋದಳು. ಹಿತ್ತಲಲ್ಲಿ ಬಿಸಿಲು ಎಲ್ಲಿಯವರೆಗೆ ನಿಲ್ಲುತ್ತದೆ, ಗಾಳಿ ಯಾವ ಕಡೆಯಿಂದ, ಹತ್ತಿರದಲ್ಲಿ ಯಾರಾದರೂ ಕಸ ಸುಡುತ್ತಾರೆಯೆ ಎಂದೆಲ್ಲ ಕೇಳಿದಳು. ಕಾಂಪೌಂಡಿನ ಮೇಲೆ ಒದ್ದೆ ಬೆರಳು ಎಳೆದು ಧೂಳು ಎಷ್ಟಿದೆ ಎಂದು ನೋಡಿಕೊಂಡಳು. ಹಿಂದೆ ಬಯಲು ಇರುವುದು ಕಂಡು ಅವಳ ಮುಖ ಅರಳಿತು. ನಲ್ಲಿ ತಿರುಗಿಸಿದರೆ ನೀರಿಲ್ಲ. ಮೋಟಾರು ರಿಪೇರಿಗೆ ಹೋಗಿದೆ ಎಂದರು ನನ್ನ ಗಂಡ. ಆ ಮೋಟಾರು ನಮ್ಮ ಮಂಚದ ಕೆಳಗೆ ಗೋಣಿಚೀಲ ಹೊದ್ದುಕೊಂಡು ಮಲಗಿತ್ತು.

ಆಮೇಲೆ ನಮ್ಮ ಬಾಗಿಲಿಗೆ ಬಂದಳು. ಅಂಗಡಿಯವನು ಹೇಳಿದ್ದನಲ್ಲ. ನೀರು ಹೇಗಮ್ಮ ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಬಾಯಿ ತೆರೆಯಲಿಲ್ಲ. ನನ್ನ ಗಂಡ ನಡುವೆ ಬಾಯಿ ಹಾಕಿ, ಆ ಮನೆಗೂ ಈ ಮನೆಗೂ ಒಂದೇ ನೀರು, ನೀವೇ ಕುಡಿದು ನೋಡಿ ಎಂದರು. ಕುಡಿಯಲು ಕೊಡುವುದಕ್ಕೆಂದು ಕ್ಯಾನ್ ನೀರು ತುಂಬಿದ ಜಗ್ಗನ್ನು ಮೊದಲೇ ಮೇಜಿನ ಮೇಲೆ ಇಟ್ಟಿದ್ದರು. ಅವಳು ಜಗ್ಗಿನ ಕಡೆ ತಿರುಗಿಯೂ ನೋಡಲಿಲ್ಲ. ಕೈಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಟ್ಟೆ ಸೋಪಿನ ತುಂಡೊಂದನ್ನು ತೆಗೆದಳು.

"ಕುಡಿಯೋದು ಬಿಡಿ ಅಣ್ಣ, ನನಗೆ ಒಗೆಯೋದೇ ಮುಖ್ಯ. ನಿಮ್ಮ ನಲ್ಲೀದು ಒಂದು ಮಗ್ ಕೊಡಿ, ಸಾಕು."

ನನ್ನ ಗಂಡನ ಮುಖ ಬಿಳುಚಿಕೊಂಡಿತು. ಅವರು ಏನಾದರೂ ನೆವ ಹುಡುಕುವ ಮೊದಲೇ ಅತ್ತೆ ಕುರ್ಚಿಯಿಂದ ಎದ್ದರು. ನಾನು ತರುತ್ತೇನೆ ಎಂದರು. ಮುಗಿಯಿತು, ಇನ್ನು ನಲ್ಲಿ ನೀರು ತಂದು ಅವಳ ಮುಂದೆ ಇಡುತ್ತಾರೆ ಎಂದು ಅಡಿಗೆಮನೆಯ ಬಾಗಿಲಲ್ಲಿದ್ದ ನಾನು ಅಂದುಕೊಂಡೆ. ಸಿಂಕಿನ ಹತ್ತಿರ ಪುಟ್ಟಿ ತೋಳು ಮೇಲೆ ಸರಿಸಿಕೊಂಡು ಕೈ ತೊಳೆಯುತ್ತಿದ್ದಳು. ಅತ್ತೆ ಒಳಗೆ ಬಂದು ಆ ಕೈಗಳನ್ನೇ ನೋಡುತ್ತ ನಿಂತರು. ಆಮೇಲೆ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ನೀರು ಸಿಂಕಿಗೆ ಧೋ ಎಂದು ಬಿತ್ತು, ಹೊರಗಿನವರಿಗೆ ಕೇಳಬೇಕು, ಹಾಗೆ. ಇನ್ನೊಂದು ಕೈಯಲ್ಲಿ ಕ್ಯಾನ್ ಬಗ್ಗಿಸಿ ಮಗ್ ತುಂಬಿಸಿಕೊಂಡರು. ನಲ್ಲಿ ನಿಲ್ಲಿಸಿ ಹೊರಟರು. ನನ್ನ ಮುಖ ನೋಡಲಿಲ್ಲ. ಪುಟ್ಟಿ ನೋಡಿದಳು, ಒಮ್ಮೆ ನಲ್ಲಿಯನ್ನು, ಒಮ್ಮೆ ನನ್ನನ್ನು.

ಲಾಂಡ್ರಿಯವಳು ಬಾಗಿಲ ಮೆಟ್ಟಿಲ ಮೇಲೆ ಕೂತು ಸೋಪು ತಿಕ್ಕಿದಳು. ಅಂಗೈ ತುಂಬ ಬೆಳ್ಳಗೆ ನೊರೆ ಎದ್ದಿತು. ಇಲ್ಲಿ ನೋಡ್ರೀ ಎಂದು ಗಂಡನಿಗೆ ಕೈ ತೋರಿಸಿ ಮಗುವಿನ ಹಾಗೆ ನಕ್ಕಳು. ಅಮ್ಮ, ನಿಮ್ಮ ನೀರು ಬೆಣ್ಣೆ ಬೆಣ್ಣೆ ಎಂದಳು. ಅತ್ತೆ ಆಡಿದ ಮಾತು ಉಳಿಸಿಕೊಂಡರು. ಬಾಯಿಂದ ಒಂದು ಸುಳ್ಳನ್ನೂ ಹೇಳಲಿಲ್ಲ.

ತಿಂಗಳು ತುಂಬುವುದರೊಳಗೆ ಅವರು ಬಂದು ಸೇರಿದರು. ಮೋಟಾರು ಮಂಚದ ಕೆಳಗಿನಿಂದ ಎದ್ದು ತನ್ನ ಜಾಗಕ್ಕೆ ಹೋಯಿತು. ಹಿತ್ತಲಲ್ಲಿ ಸಾಲುಸಾಲು ತಂತಿ ಕಟ್ಟಿದರು, ದೊಡ್ಡ ತೊಟ್ಟಿ ಕಟ್ಟಿಸಿದರು. ಮೊದಲ ಒಗೆತದ ಚಾದರಗಳು ತಂತಿಯ ಮೇಲೆ ಒಣಗುತ್ತ ಒಣಗುತ್ತ ಹಳದಿಯಾದವು. ನಾನು ಕಾಂಪೌಂಡಿನ ಈಚೆಯಿಂದ ನೋಡಿ ಒಳಗೆ ಬಂದುಬಿಟ್ಟೆ. ಅವಳಿಗೆ ನೀರಿನ ಮೇಲೆ ಅನುಮಾನವೇ ಬರಲಿಲ್ಲ, ಅದೇ ನಮ್ಮ ದೊಡ್ಡ ಪಾಪ. ಒಂದೇ ನೆಲದ ನೀರು, ಪಕ್ಕದ ಮನೆಯಲ್ಲಿ ಅಷ್ಟು ಚೆನ್ನಾಗಿ ನೊರೆ ಬಂದಿದೆ, ಅಂದಮೇಲೆ ತಪ್ಪು ತಮ್ಮ ಪೈಪಿನದೇ ಎಂದು ಲೆಕ್ಕ ಹಾಕಿದಳು. ಖಾಲಿ ಬಿದ್ದಿದ್ದ ಮನೆ, ತುಕ್ಕು ಹಿಡಿದಿರುತ್ತದೆ ಎಂದು ನನ್ನ ಗಂಡನೂ ತಲೆಯಾಡಿಸಿದರು. ಗೋಡೆ ಒಡೆಸಿ ಹೊಸ ಪೈಪು ಹಾಕಿಸಿದರು. ಹಳದಿ ಹೋಗಲಿಲ್ಲ. ಟ್ಯಾಂಕು ಬದಲಾಯಿಸಿದರು. ಹೋಗಲಿಲ್ಲ. ಆಮೇಲೆ ಸೋಪು ಬದಲಾಯಿತು, ಬ್ಲೀಚಿಂಗ್ ಪುಡಿ ಬಂತು. ಅದನ್ನು ಹಾಕಿದ ಮೇಲೆ ಕಲೆ ಇನ್ನೂ ಗಾಢವಾಯಿತು.

ಮೊದಮೊದಲು ಅವರ ಮನೆಯಿಂದ ರೇಡಿಯೋ ಕೇಳುತ್ತಿತ್ತು. ಆಮೇಲೆ ಜಗಳ ಕೇಳತೊಡಗಿತು. ಹೋಟೆಲಿನವರು ಚಾದರಗಳನ್ನು ಮುಖದ ಮೇಲೆ ಎಸೆದರಂತೆ, ಹೊಸದು ತಂದುಕೊಡಿ ಎಂದರಂತೆ. ಈ ಮನೆ ನೀನೇ ಬೇಕು ಅಂದವಳು ಎಂದು ಗಂಡ ಕೂಗುತ್ತಿದ್ದ. ಮಾತಾಡದವನೆಂದು ನಾವು ತಿಳಿದಿದ್ದ ಮನುಷ್ಯ. ಗೋಡೆಯ ಈಚೆ ನಾವು ನಾಲ್ಕು ಜನ ಬಾಯಿ ಮುಚ್ಚಿಕೊಂಡು ಉಣ್ಣುತ್ತಿದ್ದೆವು. ಬಾಗಿಲ ಬಳಿಯ ಕುರ್ಚಿಯನ್ನು ಅತ್ತೆಯೇ ಎತ್ತಿ ಒಳಗಿಟ್ಟರು. ಬೀದಿಯವರು ಕೇಳಿದರೆ ಕಾಲುನೋವು ಎಂದರು. ನಾನು ಕಂಡಂತೆ ಅದೇ ಅವರು ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು.

ಇತ್ತ ನಮ್ಮ ಮನೆ ಮಾರುವ ಕೆಲಸವೂ ಶುರುವಾಗಿತ್ತು. ನನ್ನ ಗಂಡ ಅಂದುಕೊಂಡಂತೆ ಬೀದಿಗೆ ರೇಟು ಬಂದಿತ್ತು. ಮೇಲಿನ ಬಡಾವಣೆಯಲ್ಲಿ ಒಂದು ಮನೆಯನ್ನೂ ನೋಡಿ ಬಂದೆವು. ಅಲ್ಲಿ ಪುಟ್ಟಿ ಎಲ್ಲ ನಲ್ಲಿಗಳನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ನಮ್ಮ ಮನೆಗೆ ಗಿರಾಕಿಗಳೂ ಬಂದರು. ಬಂದವರು ಕೋಣೆ ನೋಡಿ, ಹಿತ್ತಲ ಬಾಗಿಲು ತೆಗೆದು ನಿಂತ ತಕ್ಷಣ ಪಕ್ಕದ ತಂತಿಗಳ ಮೇಲೆ ಕಣ್ಣು ಬೀಳುತ್ತಿತ್ತು. ಒಬ್ಬ, ಇದೇನ್ರೀ, ಚಾದರಗಳಿಗೆಲ್ಲ ಟೀ ಕುಡಿಸಿದ್ದಾರಾ ಎಂದು ನಕ್ಕ. ನಕ್ಕವನು ಆಮೇಲೆ ನಗು ನಿಲ್ಲಿಸಿ ನಮ್ಮ ಬಕೆಟ್ಟಿನೊಳಗೆ ಇಣುಕಿದ. ಈಗ ತಕ್ಕಡಿಯಮ್ಮನನ್ನು ಕೇಳುವ ಅಗತ್ಯವೇ ಯಾರಿಗೂ ಇರಲಿಲ್ಲ. ಚಾದರವನ್ನು ಒಳಗೆ ಒಣಹಾಕಲು ಅವಳಿಗೆ ಹೇಳು ಎಂದು ನನ್ನ ಗಂಡ ನನಗೆ ಗಂಟುಬಿದ್ದರು. ನಾಚಿಕೆ ಆಗಲ್ವಾ ನಿಮಗೆ ಎಂದೆ. ಆಗಿರಬೇಕು, ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಬೆಳಿಗ್ಗೆ ಅವಳೇ ಬಂದಳು. ಕೈಯಲ್ಲಿ ಸುರುಳಿ ಸುತ್ತಿದ ಹೊಸ ಹೋಸ್ ಪೈಪು. ಕಣ್ಣಿನ ಸುತ್ತ ಕಪ್ಪುಗಟ್ಟಿತ್ತು. ಒಂದೇ ಒಂದು ಹೋಟೆಲು ಉಳಿದುಕೊಂಡಿದೆ, ಇದೊಂದು ಗಂಟು ಬಿಳಿ ಮಾಡಿ ಕೊಡದಿದ್ದರೆ ಅದೂ ಹೋಗುತ್ತದೆ ಎಂದಳು.

"ಅಕ್ಕ, ನಮ್ಮ ಬೋರು ಸರಿಹೋಗೋವರೆಗೆ ನಿಮ್ಮ ನಲ್ಲಿಯಿಂದ ಗೋಡೆ ಮೇಲೆ ಪೈಪು ಹಾಕ್ಕೊಳ್ಳಾ? ಕರೆಂಟಿನ ದುಡ್ಡು ನಾನೇ ಕೊಡ್ತೀನಿ."

ನನ್ನ ಗಂಡ ಪ್ರೆಶರ್ ಸಾಲದು, ಮೋಟಾರು ಹಳೆಯದು ಎಂದು ಏನೇನೋ ತೊದಲಿದರು. ಒಳಗಿನಿಂದ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಅತ್ತೆ ಮಗ್ ಹಿಡಿದು ಬಂದು ಅವಳ ಮುಂದೆ ಇಟ್ಟರು, ನಮ್ಮ ಬಟ್ಟೆ ಸೋಪನ್ನೂ ಪಕ್ಕಕ್ಕಿಟ್ಟರು.

"ತಿಕ್ಕಿ ನೋಡಮ್ಮ."

ಅವಳು ತಿಕ್ಕಿದಳು. ಸೋಪು ಹಾಲು ಒಡೆದಂತೆ ಚೂರುಚೂರಾಗಿ ತೇಲಿತು. ಮತ್ತೆ ತಿಕ್ಕಿದಳು. ಇನ್ನೊಮ್ಮೆ ತಿಕ್ಕಿದಳು. ಆಮೇಲೆ ತಲೆ ಎತ್ತಿದಳು.

"ಅವತ್ತಿಂದು?"

"ಅದು ಕ್ಯಾನಿಂದು."

"ನಲ್ಲಿ ಸದ್ದು ಕೇಳಿಸ್ತಲ್ಲ."

"ಬಿಟ್ಟಿದ್ದೆ," ಎಂದರು ಅತ್ತೆ. "ನಿನಗೆ ಕೇಳಿಸ್ಲಿ ಅಂತಲೇ ಬಿಟ್ಟಿದ್ದೆ."

ಅವಳು ಬಯ್ಯುತ್ತಾಳೆ, ಬೀದಿ ಸೇರಿಸುತ್ತಾಳೆ ಎಂದು ನಾವು ಕಾದೆವು. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪೈಪಿನ ಸುರುಳಿಯನ್ನು ಮತ್ತೆ ತೋಳಿಗೆ ಹಾಕಿಕೊಂಡು ಹೋದಳು. ಅತ್ತೆ ಕೂತಲ್ಲೇ ಅತ್ತರು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಉಳಿದಿದ್ದ ಹೋಟೆಲೂ ಹೋಯಿತು. ಅವಳ ಗಂಡ ಹಗಲಿರುಳೆನ್ನದೆ ಯಾರಯಾರದೋ ಸಾಮಾನು ಸಾಗಿಸತೊಡಗಿದ. ಅವಳು ಪೇಟೆಯ ಇನ್ನೊಂದು ಲಾಂಡ್ರಿಯಲ್ಲಿ ಕೂಲಿಗೆ ಇಸ್ತ್ರಿ ಹಾಕಲು ಸೇರಿದಳು. ಹಿತ್ತಲ ತಂತಿಗಳು ಖಾಲಿಯಾದವು. ನಮ್ಮ ಮನೆಗೆ ಗಿರಾಕಿಗಳು ಬರುವುದೂ ನಿಂತುಹೋಯಿತು, ಮೇಲಿನ ಬಡಾವಣೆಯ ಮನೆ ಬೇರೆ ಯಾರಿಗೋ ಹೋಯಿತು. ಪುಟ್ಟಿಯ ಕೈ ಹಾಗೇ ಇತ್ತು. ಆ ದಿನಗಳಲ್ಲಿ ಅತ್ತೆ ತಮ್ಮ ಪಾಲಿನ ಕ್ಯಾನ್ ನೀರನ್ನು ಮೊಮ್ಮಗಳ ಕೈ ತೊಳೆಯಲು ಕೊಟ್ಟು, ತಾವು ಬೋರಿನ ನೀರನ್ನೇ ಕಾಯಿಸಿ ಕುಡಿಯತೊಡಗಿದರು. ಬೇಡ ಎಂದು ನಾನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ.

ಒಂದು ಸಂಜೆ ಲಾಂಡ್ರಿಯವಳು ಕೆಲಸ ಮುಗಿಸಿ, ಮನೆಗೂ ಹೋಗದೆ ಸೀದಾ ನಮ್ಮ ಬಾಗಿಲಿಗೆ ಬಂದಳು. ಒಳಗೆ ಕೂರು ಎಂದರೂ ಕೂರಲಿಲ್ಲ. ಅತ್ತೆಯ ಎದುರಿಗೆ ನಿಂತು, ಬಿಡಿಸಿ ಬಿಡಿಸಿ ಹೇಳಿದಳು.

"ಭಾನುವಾರ ನಮ್ಮ ಮನೆ ನೋಡೋಕೆ ಬರ್ತಾರೆ. ನಿಮ್ಮನ್ನ ಕೇಳೇ ಕೇಳ್ತಾರೆ. ಅವತ್ತು ನನಗೇನು ಕೊಟ್ರೋ, ಅದನ್ನೇ ಅವರಿಗೂ ಕೊಡಿ."

"ಬೇಡ ಕಣಮ್ಮ," ಎಂದರು ಅತ್ತೆ.

"ಬೇಡ ಅನ್ನೋದನ್ನ ನನಗೆ ಹೇಳ್ಬೇಕಿತ್ತು. ನನಗೆ ಹೇಳಲಿಲ್ಲ. ಈಗ ಅವರಿಗೆ ಹೇಳಿ ನನ್ನನ್ನ ಮುಳುಗಿಸಬೇಡಿ."

ಅತ್ತೆ ಏನು ತಾನೇ ಹೇಳಬೇಕಿತ್ತು? ನಿಜ ಹೇಳಿದರೆ ತಾವೇ ಹಾಳುಮಾಡಿದ ಹೆಂಗಸನ್ನು ಎರಡನೇ ಸಲ ಹಾಳುಮಾಡಿದ ಹಾಗೆ. ಹೇಳದಿದ್ದರೆ ಬರುವವರನ್ನು ಹಾಳುಮಾಡಿದ ಹಾಗೆ. ಅವಳು ಹೋದ ಮೇಲೆ ನನ್ನ ಗಂಡ, ಇದೂ ಒಂದು ಒಳ್ಳೆಯದೇ ಆಯಿತು, ಅವರದು ಹೋದರೆ ನಮ್ಮದಕ್ಕೂ ದಾರಿಯಾಗುತ್ತದೆ ಎಂದರು. ಅತ್ತೆ ಮಗನ ಮುಖವನ್ನು ಗುರುತು ಸಿಗದವರಂತೆ ನೋಡಿದರು. ಪುಟ್ಟಿ ಮೂಲೆಯಲ್ಲಿ ಕೂತು ಪಾಠ ಓದಿಕೊಳ್ಳುತ್ತಿದ್ದಳು.

ಭಾನುವಾರ ಬಂದವರು ಚಿಕ್ಕ ವಯಸ್ಸಿನ ಗಂಡಹೆಂಡತಿ, ಕಂಕುಳಲ್ಲಿ ವರ್ಷದ ಮಗು. ಲಾಂಡ್ರಿಯವಳು ಮನೆ ಗುಡಿಸಿ ಸಾರಿಸಿ, ತಂತಿಗಳನ್ನೂ ಬಿಚ್ಚಿಟ್ಟಿದ್ದಳು. ಮೋಟಾರು ಕೆಟ್ಟಿದೆ ಎಂದು ಅವಳೇ ಹೇಳಿದಳು, ಗೋಡೆಯಾಚೆಯಿಂದ ನಮಗೆ ಕೇಳಿಸಿತು. ಅವರು ಬಯಲು ನೋಡಿ ಸಂತೋಷಪಟ್ಟರು, ಮಗುವಿಗೆ ಆಡಲು ಜಾಗ ಎಂದರು. ಆಮೇಲೆ, ಎಲ್ಲರೂ ಬರುವ ಹಾಗೆ, ನಮ್ಮ ಬಾಗಿಲಿಗೆ ಬಂದರು. ಅವಳೂ ಹಿಂದೆಯೇ ಬಂದು ಗೇಟು ಹಿಡಿದುಕೊಂಡು ನಿಂತಳು.

ಹುಡುಗಿಯಂಥ ಆ ಹೆಂಡತಿ ಅತ್ತೆಯನ್ನು ನೋಡಿ ನಕ್ಕಳು.

"ಅಜ್ಜಿ, ಇಲ್ಲೀ ನೀರು ಮಗುವಿಗೆ ಆಗುತ್ತಾ? ನೀವು ಹೇಳಿದ್ರೆ ಸಾಕು ಅಂತ ಅಂಗಡಿಯವರು ಹೇಳಿದ್ರು. ಒಂದ್ ಲೋಟ ಕೊಡ್ತೀರಾ, ಇವಳಿಗೂ ಬಾಯಾರಿದೆ."

ಅತ್ತೆ ಬಾಗಿಲೊಳಗಿದ್ದ ಕುರ್ಚಿಯ ಕೈ ಹಿಡಿದು ಏಳಲು ನೋಡಿದರು. ಅರ್ಧ ಎದ್ದು ಮತ್ತೆ ಕೂತರು. ಗೇಟಿನ ಹತ್ತಿರ ನಿಂತವಳ ಮುಖ ನೋಡಿದರು, ಮಗುವಿನ ಮುಖ ನೋಡಿದರು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ಪುಟ್ಟಿ ಮುಂದೆ ಬಂದು ಅಜ್ಜಿಯ ಭುಜದ ಮೇಲೆ ಕೈಯಿಟ್ಟಳು.

"ನೀನು ಕೂತ್ಕೋ ಅಜ್ಜಿ. ನಾನು ತರ್ತೀನಿ."

ಅವಳು ಒಳಗೆ ಹೋದಳು. ಧೋ ಎಂದು ನಲ್ಲಿ ನೀರು ಬಿದ್ದ ಸದ್ದು ನಮಗೆಲ್ಲ ಕೇಳಿಸಿತು. ನಾವು ಐದು ಜನ ದೊಡ್ಡವರು ಬಾಗಿಲಲ್ಲಿ ನಿಂತು ಆ ಸದ್ದು ಕೇಳುತ್ತಿದ್ದೆವು, ಇಬ್ಬರು ಏನೂ ತಿಳಿಯದೆ, ಮೂವರು ಎಲ್ಲ ತಿಳಿದು. ಅತ್ತೆ ಮಾತ್ರ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಪುಟ್ಟಿ ಅಂಗಿಯ ತೋಳನ್ನು ಬೆರಳ ತುದಿಯವರೆಗೂ ಎಳೆದುಕೊಂಡು, ತುಂಬಿದ ಲೋಟವನ್ನು ಚೆಲ್ಲದಂತೆ ತಂದುಕೊಟ್ಟಳು. ಆಕೆ ಮಗುವಿಗೆ ಎರಡು ಗುಟುಕು ಕುಡಿಸಿ, ತಾನೂ ಕುಡಿದು, ಎಷ್ಟು ಸಿಹಿಯಾಗಿದೆ ನೋಡಿ ಎಂದು ಗಂಡನ ಕೈಗೆ ಕೊಟ್ಟಳು.

ಅವರು ಹೋದರು. ನನ್ನ ಗಂಡ ಜಾಣೆ ಎಂದು ಮಗಳ ತಲೆ ಸವರಿ, ಅವರನ್ನು ಬಸ್ಸಿನವರೆಗೆ ಬಿಡಲು ಓಡಿದರು. ನಾನು ಅಡಿಗೆಮನೆಗೆ ಬಂದೆ. ಪುಟ್ಟಿ ಲೋಟ ತೊಳೆಯುತ್ತಿದ್ದಳು. ಕೂಗಾಡಬೇಕೋ, ತಬ್ಬಿಕೊಳ್ಳಬೇಕೋ ನನಗೆ ಗೊತ್ತಾಗಲಿಲ್ಲ. ಈ ಮನೆ ಬಿಟ್ಟು ಹೋಗಬೇಕೆಂದು ನಾನು ಹಟ ಹಿಡಿದದ್ದು ಇವಳಿಗಾಗಿಯೇ ಅಲ್ಲವೆ?

ಅವಳು ಬಾಗಿಲ ಕಡೆ ನೋಡಿ ಸಣ್ಣ ದನಿಯಲ್ಲಿ ಕೇಳಿದಳು.

"ಅಮ್ಮ, ನಲ್ಲಿ ಇನ್ನೂ ಸ್ವಲ್ಪ ಹೊತ್ತು ಬಿಡ್ಬೇಕಿತ್ತಾ? ಅಜ್ಜಿ ಜಾಸ್ತಿ ಹೊತ್ತು ಬಿಟ್ಟಿದ್ರು."

ತಿರುಗಿ ನೋಡಿದರೆ ಅತ್ತೆ ಗೋಡೆ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದರು.